ಅಮ್ಮನನ್ನು ಕೇಳುತ್ತಿದ್ದ ವಿಸ್ಟಾ

ಇವತ್ತು ನನ್ನ ಲ್ಯಾಪ್‌ಟಾಪ್ ಒಂದು ಮಾತೂ ಕೇಳದೆ ಅಪ್‌ಡೇಟ್ ಆಗಲು ಕೂತಾಗ, ಪೀಣ್ಯದ ನಮ್ಮ ಲೇತ್ ಶೆಡ್ಡಿನ ಕಂಪ್ಯೂಟರ್ ನೆನಪಾಯಿತು. ಅದರಲ್ಲಿದ್ದದ್ದು ಊರೆಲ್ಲ ಬೈಯುತ್ತಿದ್ದ ವಿಂಡೋಸ್ ವಿಸ್ಟಾ. ಅಮ್ಮ ಅದರಲ್ಲಿ ಬಿಲ್ ಟೈಪ್ ಮಾಡುತ್ತಿದ್ದರು. ಏನು ಬದಲಿಸಲು ಹೋದರೂ ಪರದೆ ಮಬ್ಬಾಗಿ, ಮಾಡಲೋ ಬೇಡವೋ ಎಂದು ಅನುಮತಿ ಕೇಳುತ್ತಿತ್ತು. ಪರದೆ ಮಬ್ಬಾದರೆ ಸಾಕು, ವೋಲ್ಟೇಜ್ ಬಿತ್ತೆಂದು ಅಪ್ಪ ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡುತ್ತಿದ್ದರು. ಆಮೇಲೆ ಬೈಗುಳ ಕಂಪ್ಯೂಟರಿಗೆ.

"ಎಲ್ಲದಕ್ಕೂ ಕೇಳತ್ತೆ, ದರಿದ್ರದ್ದು! ತೆಗೆಸಿಬಿಡ್ತೀನಿ."

"ಬೇಡ ಕಣ್ರೀ," ಎಂದರು ಅಮ್ಮ. "ನಮ್ಮನೇಲಿ ನನ್ನನ್ನ ಕೇಳೋದು ಅದೊಂದೇ."

ಅಪ್ಪ ಜೋರಾಗಿ ನಕ್ಕರು. ಮರುದಿನ ಅಮ್ಮ ಊಟಕ್ಕೆ ಹೋಗಿದ್ದಾಗ ವಿಸ್ಟಾವನ್ನು ತೆಗೆಸಿಯೇಬಿಟ್ಟರು. ಅಮ್ಮ ಮತ್ತೆ ಆ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂರಲಿಲ್ಲ. ಯಾಕೆಂದೂ ಅಪ್ಪ ಕೇಳಲಿಲ್ಲ.

ಅಪ್‌ಡೇಟ್ ಮುಗಿದಿದೆ. ಲ್ಯಾಪ್‌ಟಾಪ್ ಈಗ ನನಗೆ ಸ್ವಾಗತ ಹೇಳುತ್ತಿದೆ.