ಸುಮ್ಮನೆ ಕೂರುವ ಕೆಲಸ

ನಾನು ಚಿತ್ರಕಲೆ ಕಲಿಸುತ್ತಿದ್ದ ಕಾಲೇಜಿಗೆ ಒಂದು ಧ್ಯೇಯ ಬೇಕು ಎಂದು ಮೇಲಿನವರಿಗೆ ಹೊಳೆದದ್ದು ಅದು ಶುರುವಾಗಿ ಎಷ್ಟೋ ವರ್ಷವಾದ ಮೇಲೆ. ಅಲ್ಲಿಯವರೆಗೆ ಧ್ಯೇಯವಿಲ್ಲದೆಯೇ ಹುಡುಗರು ಪೆನ್ಸಿಲ್ ಕೆತ್ತಿಕೊಂಡು, ಮಡಕೆ ಬರೆದುಕೊಂಡು, ಪಾಸಾಗಿ ಹೋಗುತ್ತಿದ್ದರು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಅದಿರು ಲಾರಿಗಳ ಸಾಲಿಗೆ ಮುಖ ಮಾಡಿ ನಿಂತಿದ್ದ ಕಟ್ಟಡ. ಗಣಿ ದುಡ್ಡು ಹರಿದಾಡುತ್ತಿದ್ದ ಕಾಲ ಅದು. ಟ್ರಸ್ಟಿನವರು ವಿಶ್ವವಿದ್ಯಾಲಯದ ಮಾನ್ಯತೆ ತಂದರು, ‘ಕಲೆ ಮತ್ತು ವಿನ್ಯಾಸ ನಿಕಾಯ’ ಎಂದು ಬಾಯಿ ತುಂಬುವ ಹೆಸರಿಟ್ಟರು, ಮೈಸೂರು ಕಡೆಯಿಂದ ಒಬ್ಬ ಡೀನ್ ಅವರನ್ನೂ ಕರೆಸಿದರು. ಕಿಟಕಿಗಳಿಗೆ ಗಾಜು ಮಾತ್ರ ಹಾಕಿಸಲಿಲ್ಲ. ಹಾಗಾಗಿ ನಮ್ಮ ಕ್ಲಾಸಿನಲ್ಲಿದ್ದ ಪ್ಲಾಸ್ಟರಿನ ದೇವತೆಯ ಮೂಗು, ಹೆಗಲು, ಮೊಣಕಾಲು ಎಲ್ಲ ವರ್ಷಪೂರ್ತಿ ಅದಿರಿನ ಧೂಳು ಕೂತು ಕೆಂಪಗೇ ಇರುತ್ತಿದ್ದವು.

ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ ಮಾತ್ರ, ಒಂದು ಲೋಟ ಕಾಫಿಗೂ ಗತಿಯಿಲ್ಲದ ಹುದ್ದೆ. ಆದರೂ ಧ್ಯೇಯ ಬರೆಯುವ ಸಭೆಗೆ ನನ್ನನ್ನೂ ಕರೆದರು. ತಪಾಸಣೆಯ ತಂಡ ಬರುವುದಿತ್ತು. ಅದು ಬರುವಷ್ಟರಲ್ಲಿ ಧ್ಯೇಯ, ಮೌಲ್ಯಗಳು, ನಮ್ಮ ಪದವೀಧರರಲ್ಲಿ ಇರಬೇಕಾದ ಕೌಶಲಗಳು, ಮೂರೂ ಗೋಡೆಯ ಮೇಲಿರಬೇಕು ಎಂದು ಡೀನ್ ಹೇಳಿದರು. ಮಂಡಕ್ಕಿ, ಮಿರ್ಚಿ ತರಿಸಿದ್ದರು. ಧ್ಯೇಯವನ್ನಂತೂ ಅವರು ಆಗಲೇ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಬಂದಿದ್ದರು. ಯಾವುದೋ ದೂರದ ದೇಶದ ವಿಶ್ವವಿದ್ಯಾಲಯದ್ದು. ಅದನ್ನು ಕನ್ನಡಕ್ಕೆ ತರುವುದಷ್ಟೇ ನಮ್ಮ ಪಾಲಿನ ಕೆಲಸ.

‘ನಮ್ಮ ಬಂದರು ನಗರದ ಸೃಜನಶೀಲ ಪರಂಪರೆಯನ್ನು ಮುಂದುವರಿಸುವುದು’ ಎಂದು ಮೊದಲ ಸಾಲು. ಹೊಸಪೇಟೆಗೆ ಯಾವಾಗ ಬಂದರು ಬಂತು ಎಂದು ನಾನು ಕೇಳಿದೆ. ಡೀನ್ ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದಲ್ಲಿದ್ದ ಶಿಲ್ಪಕಲೆಯ ಮೇಷ್ಟ್ರು ಮಿರ್ಚಿ ಮುರಿಯುತ್ತ, “ಇರ್ಲಿ ಬಿಡ್ರಿ ಸರ, ನಮ್ಮ ಗುಡ್ಡ ಪೂರಾ ಲಾರ್ಯಾಗ ಬಂದರಕ್ಕ ಹೊಂಟಾವ. ನಾವೂ ಬಂದರದವ್ರ ಆದ್ವಿ” ಅಂದರು. ಅದು ಕುಹಕ ಎಂದು ಡೀನ್ ಅವರಿಗೆ ತಿಳಿಯಲಿಲ್ಲ. “ಹೌದಲ್ವಾ, ಕನೆಕ್ಷನ್ ಇದೆ” ಎಂದು ಆ ಸಾಲನ್ನು ಹಾಗೆಯೇ ಉಳಿಸಿಕೊಂಡರು. ಆಮೇಲೆ ಕೌಶಲಗಳು ಬಂದವು: ಸೂಕ್ಷ್ಮವಾಗಿ ನೋಡುವ ಶಕ್ತಿ, ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸುವ ಮನಸ್ಸು, ಕೃತಿಸ್ವಾಮ್ಯದ ಅರಿವು, ಸಮುದಾಯದ ಜೊತೆ ಸಹಭಾಗಿತ್ವ. ಆ ಕೋಣೆಯಲ್ಲಿ ಕೂತಿದ್ದ ನಮ್ಮಲ್ಲೇ ಇವುಗಳಲ್ಲಿ ಒಂದಾದರೂ ಯಾರಿಗಿದೆ ಎಂದು ಕೇಳುವವರಿರಲಿಲ್ಲ. ಮಂಡಕ್ಕಿ ಮುಗಿಯಿತು, ಸಭೆಯೂ ಮುಗಿಯಿತು.

ಕಟ್ಟಡದ ತುಂಬ ಬಣ್ಣ ಹಚ್ಚುವವರೇ ಇದ್ದರೂ ಆ ಬೋರ್ಡನ್ನು ಬರೆಸಲಿಲ್ಲ, ಊರೊಳಗಿನ ಫ್ಲೆಕ್ಸ್ ಅಂಗಡಿಗೆ ಕೊಟ್ಟರು. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸಿದವಳು ನಮ್ಮಲ್ಲೇ ಓದಿ ಹೋಗಿದ್ದ ಹುಡುಗಿ. ಗಣಿ ಧಣಿಗಳ, ಅವರ ಮಕ್ಕಳ, ಅವರ ಮಕ್ಕಳ ನಾಮಕರಣದ ಫ್ಲೆಕ್ಸ್ ಮಾಡುವುದು ಅವಳ ಕೆಲಸ. ಎಂಥ ಕಪ್ಪು ಮುಖ ಬಂದರೂ ಒಂದು ಗುಂಡಿ ಒತ್ತಿ ಗುಲಾಬಿ ಬಣ್ಣಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಗಿರಾಕಿ ಒಪ್ಪುವುದಿಲ್ಲ. ಊರಿನ ಪ್ರತಿ ಸರ್ಕಲ್ಲಿನಲ್ಲಿ ಅವಳು ಬೆಳ್ಳಗೆ ಮಾಡಿದ ಮುಖಗಳು ಕೈಮುಗಿದು ನಿಂತಿದ್ದವು. ನಮ್ಮ ನಿಕಾಯ ನಾಡಿಗೆ ಕೊಟ್ಟ ಕೌಶಲ ಯಾವುದು ಎಂದು ಯಾರಾದರೂ ಕೇಳಿದ್ದರೆ ನಾನು ಅದನ್ನೇ ತೋರಿಸುತ್ತಿದ್ದೆ.

ಅದೇ ಹುಡುಗಿ ಕೊನೆಯ ವರ್ಷದ ಪರೀಕ್ಷೆಗೆ ಒಬ್ಬ ಅಜ್ಜನ ಚಿತ್ರ ಬರೆದಿದ್ದಳು. ಆ ಅಜ್ಜ ನಮ್ಮ ಮಾಡೆಲ್. ಬೆಳಗಿನ ಬಸ್ಸಿಗೆ ಕಂಪ್ಲಿ ಕಡೆಯ ಹಳ್ಳಿಯಿಂದ ಬರುತ್ತಿದ್ದ, ಕ್ಲಾಸಿನ ಮಧ್ಯದ ಕಟ್ಟೆಯ ಮೇಲೆ ಕೂರುತ್ತಿದ್ದ, ಸಂಜೆ ಕೂಲಿ ಇಸಕೊಂಡು ಹೋಗುತ್ತಿದ್ದ. ಹುಡುಗರು ಅವನನ್ನು ಕುಂತಜ್ಜ ಎಂದು ಕರೆಯುತ್ತಿದ್ದರು. ಆ ಕಾಲದಲ್ಲಿ ಬೇರೆ ಮಾಡೆಲ್ ಸಿಗುವುದು ಕನಸಿನ ಮಾತು. ಕೈಕಾಲು ಗಟ್ಟಿಯಿದ್ದವರೆಲ್ಲ ಅದಿರು ಜರಡಿ ಹಿಡಿಯಲು ಸ್ಟಾಕ್‌ಯಾರ್ಡುಗಳಿಗೆ ಓಡುತ್ತಿದ್ದರು. ಸಂಡೂರಿನಲ್ಲಿ ಟಿಪ್ಪರ್ ಓಡಿಸುತ್ತಿದ್ದ ಅಳಿಯ ಇವನನ್ನೂ ಕರೆದಿದ್ದ. ಅಜ್ಜ ಹೋಗಲಿಲ್ಲ. ತನ್ನಷ್ಟು ಅಲುಗಾಡದೆ ಕೂರುವವರು ಜಿಲ್ಲೆಯಲ್ಲೇ ಇಲ್ಲ ಎಂದು ಅವನಿಗೆ ಭಾರಿ ಜಂಬ. ಗಡ್ಡಕ್ಕೆ ಎಣ್ಣೆ ಹಚ್ಚಿಕೊಂಡೇ ಬರುತ್ತಿದ್ದ. ಬಿಡುವಿನಲ್ಲಿ ಎದ್ದು ಒಂದೊಂದೇ ಹಲಗೆಯ ಮುಂದೆ ನಿಂತು, “ಮೇಡಮ್ಮಾರ, ಇಲ್ನೋಡ್ರಿ, ನನ್ನ ಮೂಗ ಬದನಿಕಾಯಿ ಮಾಡ್ಯಾನ ಇವ” ಎಂದು ದೂರು ಹೇಳುತ್ತಿದ್ದ.

ಅವನಿಗೊಂದು ಕಷ್ಟ ಬಂದಿತ್ತು. ಒಮ್ಮೆ ಹುಡುಗರನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆವು. ಹೊಳೆಯ ಬದಿಯ ಮಂಟಪದಲ್ಲಿ ಅಜ್ಜನನ್ನು ಕೂರಿಸಿ, ಹುಡುಗರು ದೂರದ ಬಂಡೆಗಳ ನೆರಳಲ್ಲಿ ಕೂತು ಬರೆಯುತ್ತಿದ್ದರು. ಪ್ರವಾಸಕ್ಕೆ ಬಂದಿದ್ದ ಯಾರೋ ವಿದೇಶಿ ಹೆಂಗಸು ಅವನ ಫೋಟೋ ತೆಗೆದು, ಮುಂದಿದ್ದ ಕಂಬಳಿಯ ಅಂಚಿನ ಮೇಲೆ ಒಂದು ನೋಟು ಇಟ್ಟು ಹೋದಳು. ಬಿಡುವು ಕೊಡುವವರೆಗೆ ಅಲುಗಾಡುವುದಿಲ್ಲ ಎಂಬ ಹಟದವನು ಇವನು, ನೋಟನ್ನು ಕೊಡವಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಅದನ್ನು ಕಂಡು ಇನ್ನಿಬ್ಬರು ಚಿಲ್ಲರೆ ಹಾಕಿದರು. ಅವನ ಊರಿನವರೊಬ್ಬರು ಆ ಹೊತ್ತಿಗೇ ದರ್ಶನಕ್ಕೆ ಬಂದವರು ಅದನ್ನು ನೋಡಿಬಿಟ್ಟರು. ಅಜ್ಜ ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು.

“ಹಂಪ್ಯಾಗ ಭಿಕ್ಷಾ ಬೇಡ್ತಾನ ಅಂತ ಹೇಳ್ಯಾರ್ರಿ. ಸುಮ್ನ ಕುಂತರ ಯಾವ ಹುಚ್ಚ ರೊಕ್ಕ ಕೊಡ್ತಾನ, ಇಷ್ಟು ವರ್ಷ ನನಗ ಸುಳ್ಳು ಹೇಳೀದಿ ಅಂತಾಳ್ರಿ ನಮ್ಮಾಕಿ” ಎಂದು ಅವನು ನನ್ನ ಹತ್ತಿರ ಹೇಳಿಕೊಂಡ. ಹೆಂಡತಿ ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಹಚ್ಚುವವಳು. ಅಂದಿನಿಂದ ಗಂಡ ತಂದ ಹಣವನ್ನು ಒಂದು ಡಬ್ಬಿಯಲ್ಲಿ ಹಾಕಿ ಮೂಲೆಗಿಟ್ಟಿದ್ದಳು, ಅದರಲ್ಲಿ ಉಪ್ಪು ಕೂಡ ತರುತ್ತಿರಲಿಲ್ಲ. ತನ್ನ ಕೂಲಿಯ ಅಕ್ಕಿ ಬೇಯಿಸಿ ಇಬ್ಬರಿಗೂ ಬಡಿಸುತ್ತಿದ್ದಳು. “ಆಕಿ ದುಡದದ್ದು ಉಣ್ಣಾಕತ್ತೀನ್ರಿ ನಾನು. ತುತ್ತು ಗಂಟಲಾಗ ಇಳೀವಲ್ದು” ಅಂದ.

ಅವನಿಗೆ ಬೇಕಾಗಿದ್ದದ್ದು ಒಂದೇ. ಆ ಹುಡುಗಿ ಬರೆದ ಚಿತ್ರ. ಅದರಲ್ಲಿ ಅವನು ಹೊದ್ದ ಕಂಬಳಿಗೆ ಹೆಗಲ ಹತ್ತಿರ ಒಂದು ತೇಪೆಯಿತ್ತು, ಹೆಂಡತಿ ತನ್ನ ಹಳೆಯ ಸೀರೆಯ ಕೆಂಪು ಅಂಚನ್ನು ಕತ್ತರಿಸಿ ಹೊಲಿದದ್ದು. ಹುಡುಗಿ ಅದನ್ನು ಒಂದೊಂದು ಹೊಲಿಗೆ ಸಮೇತ ಬರೆದಿದ್ದಳು. ಆ ತೇಪೆ ಕಂಡರೆ ಅವಳು ನಂಬಲೇಬೇಕು ಎನ್ನುವುದು ಅಜ್ಜನ ಲೆಕ್ಕಾಚಾರ. ನಾನೇ ಒಂದು ಬರೆದು ಕೊಡುತ್ತೇನೆ ಅಂದೆ. ಅವನಿಗೆ ಸಿಟ್ಟು ಬಂತು. “ನೀವು ಬರದ್ರ ಅದು ನೀವು ಕೊಟ್ಟ ದಾನ ಆಗ್ತೈತ್ರಿ. ಅದು ನಾ ದುಡದು ಬರಸಿದ್ದು” ಅಂದ.

ಹುಡುಗಿಯನ್ನು ಕೇಳಿದೆ, ಸಂತೋಷದಿಂದ ಒಪ್ಪಿದಳು. ಡೀನ್ ಒಪ್ಪಲಿಲ್ಲ. ಪರೀಕ್ಷೆಗೆ ಒಪ್ಪಿಸಿದ ಕೃತಿ ಸಂಸ್ಥೆಯ ಆಸ್ತಿ, ಮೂರನೆಯ ಕೌಶಲ ಓದಿಲ್ಲವೇ ಎಂದು ನನ್ನನ್ನೇ ಕೇಳಿದರು. ಆ ಮೂರನೆಯ ಕೌಶಲ ಎರಡನೆಯದರ ಕೆಳಗೇ ಇದೆ ಸರ್, ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸುವ ಆ ಎರಡನೆಯದನ್ನೂ ಓದಿ ಅಂದೆ. “ಆಗಲ್ಲ ಕಣ್ರೀ. ಇವತ್ತು ಮಾಡೆಲ್‌ಗೆ ಕೊಟ್ರೆ ನಾಳೆ ಮಡಕೆ ಬಂದು ನನ್ನ ಚಿತ್ರ ಕೊಡಿ ಅನ್ನುತ್ತೆ” ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಕಲೆ ಕಲಿಸುವವನ ಬಾಯಲ್ಲಿ ಇಷ್ಟು ಕೀಳು ಮಾತನ್ನು ನಾನು ಹಿಂದೆ ಕೇಳಿರಲಿಲ್ಲ. ನನಗೆ ಅವರ ಮೇಲೆ ಇದ್ದ ಅಲ್ಪಸ್ವಲ್ಪ ಮರ್ಯಾದೆಯೂ ಅಂದು ಹೋಯಿತು.

ಕೊಡದಿದ್ದರೆ ಬೇಡ, ಅವನ ಹೆಂಡತಿಗೆ ತೋರಿಸುವುದಾದರೂ ಆಗಬಹುದಲ್ಲ ಎಂದುಕೊಂಡೆ. ತಪಾಸಣೆಯ ದಿನ ಒಳ್ಳೆಯ ಚಿತ್ರಗಳನ್ನೆಲ್ಲ ಹಜಾರದಲ್ಲಿ ತೂಗುಹಾಕುವುದಿತ್ತು. ಸಮುದಾಯದ ಸಹಭಾಗಿತ್ವ ಕಣ್ಣಿಗೆ ಕಾಣಬೇಕು, ಸ್ಥಳೀಯರೂ ನಾಲ್ಕು ಜನ ಓಡಾಡುತ್ತಿರಲಿ ಎಂದು ಡೀನ್ ಅವರೇ ಸುತ್ತೋಲೆ ಕಳಿಸಿದ್ದರು. ಅಜ್ಜಿಯನ್ನು ಕರೆದುಕೊಂಡು ಬಾ ಎಂದು ಅಜ್ಜನಿಗೆ ಹೇಳಿದೆ. ಬೈದು, ಬೇಡಿಕೊಂಡು, ಒಂದು ದಿನದ ನಾಟಿ ಬಿಡಿಸಿ ಅವಳನ್ನು ಹೊರಡಿಸಿದ್ದ.

ಅಂದು ಬೆಳಿಗ್ಗೆ ಪ್ಲಾಸ್ಟರ್ ದೇವತೆಗೂ ಸ್ನಾನವಾಯಿತು. ಬಾಗಿಲಲ್ಲಿ ರಂಗೋಲಿ, ಅದರ ಮೇಲೆ ಆಗಲೇ ಕೆಂಪು ಪುಡಿ. ಅಜ್ಜ ಗಡ್ಡ ಬಾಚಿ, ಅದೇ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಅಜ್ಜಿಯನ್ನು ವಾಚ್‌ಮನ್ ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ಕೂರಿಸಿದ್ದ. ಸಾಹೇಬರು ಹೋಗುವವರೆಗೆ ಒಳಗೆ ಬಿಡುವಂತಿಲ್ಲವಂತೆ. ಸುತ್ತೋಲೆಯಲ್ಲಿದ್ದ ಸಮುದಾಯ ಬೇರೆ ಯಾವುದೋ ಇರಬೇಕು.

ತಂಡದವರಿಗೆ ಹಂಪಿ ನೋಡುವ ಅವಸರ. ಊಟಕ್ಕೆ ಮೊದಲೇ ಎಲ್ಲ ಮುಗಿಸಬೇಕಿತ್ತು. ಬಂದರು ನಗರದ ಸಾಲನ್ನು ಅವರ ಮುಖ್ಯಸ್ಥರು ಗಟ್ಟಿಯಾಗಿ ಓದಿ, ‘ಬಹಳ ಅರ್ಥಪೂರ್ಣ’ ಅಂದರು. ಯಾವ ಬಂದರು ಎಂದು ಕೇಳಲಿಲ್ಲ. ಅಜ್ಜ ತನ್ನ ಚಿತ್ರದ ಪಕ್ಕದಲ್ಲೇ ಹೋಗಿ ನಿಂತಿದ್ದ, ಚಿತ್ರದಲ್ಲಿದ್ದಂತೆಯೇ ಮುಖ ತುಸು ಎಡಕ್ಕೆ ತಿರುಗಿಸಿಕೊಂಡು. ಯಾರಾದರೂ ಗುರುತಿಸುತ್ತಾರೆ ಎಂದು ಕಾಯುತ್ತಿದ್ದ. ಮುಖ್ಯಸ್ಥರು ಅಲ್ಲಿ ಬಂದು ನಿಂತರು. ಸುಮಾರು ಹೊತ್ತು ಚಿತ್ರವನ್ನೇ ನೋಡಿದರು. “ಈ ಮುಖದಲ್ಲಿ ಎಂಥ ಘನತೆ ಇದೆ ನೋಡಿ” ಎಂದು ಡೀನ್ ಅವರಿಗೆ ಹೇಳಿದರು. ಆಮೇಲೆ ಕೈಯನ್ನು ಪಕ್ಕಕ್ಕೆ ಬೀಸಿ, “ಸ್ವಲ್ಪ ಆಚೆ ಸರಿಯಪ್ಪಾ, ಬೆಳಕು ಬೀಳಲಿ” ಎಂದರು.

ಅಜ್ಜ ಸರಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಡೀನ್ ಆ ಮುಖ್ಯಸ್ಥರನ್ನು ತಮ್ಮ ಕೋಣೆಗೆ ಕರೆದೊಯ್ದರು. ಕೆಂಡದಂಥ ಸಿಟ್ಟು ಹೊತ್ತು ನಾನು ನೆಟ್ಟಗೆ ಗೇಟಿಗೆ ನಡೆದೆ. ಇನ್ನು ಅಜ್ಜಿಯನ್ನು ನಾನೇ ಕೈಹಿಡಿದು ಕರೆತರುವುದು, ಏನಾಗುತ್ತದೋ ಆಗಲಿ ಎಂದುಕೊಂಡೆ. ವಾಚ್‌ಮನ್ ಜೊತೆ ಜಗಳಕ್ಕೆ ನಿಂತೆ. ಅವನು ಡೀನ್ ಸಾಹೇಬರ ಆರ್ಡರ್ ಅನ್ನುವುದು, ನಾನು ನಿನ್ನ ಡೀನ್ ಮನೆ ಹಾಳಾಗ ಅನ್ನುವುದು. ಅಜ್ಜಿ ಸೀರೆಯ ಸೆರಗು ಬಾಯಿಗೆ ಅಡ್ಡ ಹಿಡಿದು ಕೂತೇ ಇದ್ದಳು. ಅಷ್ಟರಲ್ಲಿ ಪೋರ್ಟಿಕೋದಿಂದ ಡೀನ್, ಮುಖ್ಯಸ್ಥರು ನಗುತ್ತ ಹೊರಗೆ ಬಂದರು. ಕಾಣಿಕೆಯೆಂದು ಹಂಪಿಯ ಕಲ್ಲಿನ ರಥದ ಮಾದರಿ ಕೊಡಲು ಹೋದರೆ, ಅಂಥವು ಮನೆಯಲ್ಲಿ ಸಾಲಾಗಿವೆ ಎಂದು ಮುಖ್ಯಸ್ಥರು ಹೇಳಿದರಂತೆ. ಡೀನ್ ತಕ್ಷಣ ಸಂಸ್ಥೆಯ ಆಸ್ತಿಯನ್ನು ಗೋಡೆಯಿಂದ ಇಳಿಸಿ, ರಥಕ್ಕೆಂದು ತಂದಿದ್ದ ಮಿಂಚಿನ ಕಾಗದ ಸುತ್ತಿಸಿದ್ದರು. ಇದು ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನನಗೆ ಕಂಡದ್ದು ಅವರ ಹಿಂದೆ ಬರುತ್ತಿದ್ದ ಅಜ್ಜ. ಜವಾನ ಊಟದ ಕೆಲಸದಲ್ಲಿದ್ದ ಕಾರಣ ಹೊರಲು ಅವನಿಗೇ ಹೇಳಿದ್ದರು. ಎರಡೂ ಕೈಗಳಲ್ಲಿ ಚೌಕಾಕಾರದ ದೊಡ್ಡ ಪೊಟ್ಟಣ, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅಳತೆ ನೋಡಿಯೇ ಅದೇನೆಂದು ನನಗೆ ಗೊತ್ತಾಯಿತು.

ಕಾರು ಗೇಟಿನ ಹತ್ತಿರ, ಮರದ ನೆರಳಿನಲ್ಲಿ ನಿಂತಿತ್ತು. ಅಜ್ಜ ಹತ್ತಿರ ಬಂದಾಗ ಅಜ್ಜಿ ಎದ್ದು ನಿಂತಳು.

“ಏನದು?” ಅಂದಳು.

“ಸಾಹೇಬ್ರ ಸಾಮಾನು.”

ಅವಳು ಪೊಟ್ಟಣ ನೋಡಿದಳು, ಅವನ ಕೈ ನೋಡಿದಳು, ಕಾರಿನ ಬಾಗಿಲು ತೆರೆಯುತ್ತಿದ್ದ ಡ್ರೈವರನನ್ನು ನೋಡಿದಳು. “ಇಲ್ಲಿ ಹಮಾಲಿ ಮಾಡ್ತಿಯೇನ ನೀನು?”

ಅಜ್ಜ ಪೊಟ್ಟಣವನ್ನು ತುಸು ಮೇಲಕ್ಕೆತ್ತಿ ಹಿಡಿದುಕೊಂಡ.

“ಹಮಾಲಿ ಮಾಡ್ತೀನಿ ಅನ್ನಾಕ ಏನ್ ನಾಚಿಕಿ ನಿನಗ? ಸುಮ್ನ ಕುಂದರ್ತೀನಿ, ಸುಮ್ನ ಕುಂದರ್ತೀನಿ ಅಂತ ಇಷ್ಟು ದಿನ ನನ್ನ ಜೀವ ತಿಂದಿ.” ಬೈಯುತ್ತಿದ್ದರೂ ಅವಳ ಮುಖ ಸಡಿಲವಾಗಿತ್ತು. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು, ಕಂಬಳಿಯ ತೇಪೆಯನ್ನು ಸರಿ ಮಾಡಿದಳು. “ನಡಿ, ಇವತ್ತ ಡಬ್ಬ್ಯಾಗಿನ ರೊಕ್ಕ ತಗೀತೀನಿ. ನಿನ್ನ ರೊಕ್ಕದಾಗ ಅಕ್ಕಿ ತರೂಣು.”

ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಆ ಮಿಂಚಿನ ಕಾಗದದ ಮೂಲೆಗೆ ಕೈ ಹಾಕಿದೆ. ಡೀನ್ “ಏನ್ರೀ ಇದು” ಎಂದು ಕೂಗಿದ್ದು ಕೇಳಿಸಿತು. ಆದರೆ ನನ್ನ ಕೈ ತಪ್ಪಿಸಿದ್ದು ಅವರಲ್ಲ. ಅಜ್ಜ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ನನಗೆ ಬೆನ್ನು ತಿರುಗಿಸಿದ.

“ಬ್ಯಾಡ್ರಿ ಮೇಡಮ್ಮಾರ” ಎಂದು ಮೆಲ್ಲಗೆ ಹೇಳಿದ. “ಆಕಿ ನಂಬ್ಯಾಳ.”

ಹೇಳಿ, ಬಾಗಿ, ಚಿತ್ರವನ್ನು ಕಾರಿನ ಹಿಂದಿನ ಸೀಟಿನ ಮೇಲೆ ಕೂರಿಸಿದ.