ಗಟ್ಟಿಮೇಳ ಮತ್ತು ಕುರುವದ ಹಕ್ಕಿಗಳು

ಹೊಸಮನೆ ಬಡಾವಣೆಯ ನಮ್ಮ ರಸ್ತೆಯ ಮರದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿವೆ ಎಂದು ಮೊನ್ನೆ ನನಗೆ ಗೊತ್ತಾಗಿದ್ದು ವಾಸನೆಯಿಂದ. ಮಳೆಯಲ್ಲಿ ನೆಂದ ಹಕ್ಕಿ ಹಿಕ್ಕೆಯ ಆ ಘಾಟು... ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ತವರಿನ ಎದುರುಮನೆ ಅಕ್ಕ ನೆನಪಾದಳು.

ಗಾಜನೂರಿನ ಅಣೆಕಟ್ಟು ಆಗಷ್ಟೇ ಮುಗಿದಿದ್ದ ಕಾಲ. ಅದರಿಂದ ಮೇಲೆ, ತುಂಗೆಯ ದಂಡೆಯಲ್ಲಿ ನಮ್ಮೂರು. ಹೊಳೆಯ ನಡುವೆ ಒಂದು ಪುಟ್ಟ ನಡುಗಡ್ಡೆ. ನಾವು ಕುರುವ ಅನ್ನುತ್ತಿದ್ದೆವು. ಮಳೆಗಾಲದಲ್ಲಿ ಅಲ್ಲಿನ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಮರಿಗಳ ರೆಕ್ಕೆ ಬಲಿಯುವ ತನಕ ದಂಡೆಯಲ್ಲಿ ಯಾರೂ ಡೋಲು ಬಾರಿಸಬಾರದು ಎಂಬುದು ಊರಿನ ಕಟ್ಟಳೆ. ಅದಕ್ಕೇ ಮದುವೆಗಳೆಲ್ಲ ಬೇಸಿಗೆಯಲ್ಲೇ ಮುಗಿಯುತ್ತಿದ್ದವು.

ಅಕ್ಕನ ಮದುವೆ ಮಾತ್ರ ಶ್ರಾವಣದಲ್ಲಿ ಕೂಡಿಬಂತು. ಭದ್ರಾವತಿಯ ಗಂಡಿನವರು ಲಾರಿಯಲ್ಲಿ ವಾಲಗದವರನ್ನೂ ಹತ್ತಿಸಿಕೊಂಡು ಬಂದಿದ್ದರು. ಹಸೆಮಣೆಯ ಮೇಲೆ ಕೂತವಳು ತಲೆ ಎತ್ತಿ, "ಡೋಲು ಬೇಡ. ಮರಿಗಳು ಹೆದರಿ ನೀರಿಗೆ ಬೀಳ್ತವೆ" ಎಂದುಬಿಟ್ಟಳು. ಆ ಕಾಲದಲ್ಲಿ ಮದುಮಗಳು ಬಾಯಿ ಬಿಡುವುದುಂಟೇ! ಬೀಗರ ಮುಖ ಗಂಟಾಯಿತು. ಕೊನೆಗೆ ಗಟ್ಟಿಮೇಳವಿಲ್ಲದೆ, ಹೆಂಗಸರ ಮೆಲುದನಿಯ ಸೋಬಾನೆಯಲ್ಲೇ ತಾಳಿ ಕಟ್ಟಿದ್ದಾಯಿತು.

ವರ್ಷ ತುಂಬುವುದರೊಳಗೆ ಅವಳ ಗಂಡ ಕಾಮಾಲೆಯಿಂದ ತೀರಿಕೊಂಡರು. ಗಟ್ಟಿಮೇಳವಿಲ್ಲದ ತಾಳಿ ಎಷ್ಟು ದಿನ ನಿಂತೀತು ಎಂದು ಊರೆಲ್ಲ ಆಡಿಕೊಂಡಿತು. ಅಕ್ಕ ತವರಿಗೆ ಮರಳಿದಳು.

ನನ್ನ ಮದುವೆಯೂ ಶ್ರಾವಣಕ್ಕೇ ಗೊತ್ತಾಯಿತು. ಈ ಸಲ ಕಟ್ಟಳೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅಕ್ಕ ಒಬ್ಬಳೇ ಹಿತ್ತಲ ಬಾಗಿಲಿಂದ ಬಂದು ಅವ್ವನಿಗೆ, "ಶಿವಮೊಗ್ಗದ ಛತ್ರದಲ್ಲಿ ಮಾಡ್ಕೊಳ್ಳಿ ಚಿಕ್ಕಮ್ಮ. ಅಲ್ಲಿ ಎಷ್ಟು ಬೇಕಾದ್ರೂ ಬಾರಿಸ್ಕೊಳ್ಳಿ" ಎಂದಳು.

ಅವ್ವ ಸಿಡುಕಿದಳು. "ಮನೆ ಮುಂದೆ ಚಪ್ಪರ ಎದ್ದಿದೆ. ಇಂಥ ಮಾತು ನಿನ್ನ ಬಾಯಲ್ಲಿ ಬರ್ಬೇಕಾ ಮಾರಾಯ್ತಿ? ನನ್ನ ಮಗಳೂ ನಿನ್ನ ಹಾಗೇ ಆಗ್ಲಿ ಅಂತಲಾ?"

ಅಕ್ಕ ನನ್ನತ್ತ ನೋಡಿದಳು. ನಾನೊಂದು ಮಾತು ಹೇಳಿದ್ದರೆ ಅಪ್ಪ ಕೇಳುತ್ತಿದ್ದರು, ನನ್ನ ಮೇಲೆ ಅವರಿಗೆ ಅಷ್ಟು ಮುದ್ದು. ನಾನು ಬಳೆ ಸರಿಮಾಡಿಕೊಳ್ಳುತ್ತ ಕೂತೆ. ಹೆದರಿದ್ದೆ...

ಮುಹೂರ್ತಕ್ಕೆ ಗಟ್ಟಿಮೇಳ ಮೊಳಗಿತು. ಕುರುವದ ಹಕ್ಕಿಗಳೆಲ್ಲ ಗಾಬರಿಯಿಂದ ಒಟ್ಟಿಗೆ ಎದ್ದವು. ಆಮೇಲೆ ಗಂಗೆಪೂಜೆಗೆಂದು ಹೊಳೆಗೆ ಹೋದರೆ, ಸತ್ತ ಮರಿಗಳು ದಂಡೆಗೆ ತೇಲಿ ಬಂದಿದ್ದವು. ಚಪ್ಪರಕ್ಕೆ ಬಾರದ ಅಕ್ಕ ಅಲ್ಲಿ ಅವನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಸೆರಗು ಮುಚ್ಚಿಕೊಂಡಳು.

"ನೀನು ನೋಡ್ಬೇಡ ಕಣೆ. ಮದುಮಗಳು ಇಂಥದ್ದು ನೋಡ್ಬಾರ್ದು."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನನ್ನ ಮದುವೆ ಊರಿಗೆ ಮೇಲ್ಪಂಕ್ತಿಯಾಯಿತು. ಆಮೇಲೆ ಎಲ್ಲರೂ ಶ್ರಾವಣದಲ್ಲೇ ವಾಲಗ ಊದಿಸಿದರು. ಕೆಲವೇ ವರ್ಷಗಳಲ್ಲಿ ಹಕ್ಕಿಗಳು ಆ ಕುರುವಕ್ಕೆ ಬರುವುದನ್ನೇ ಬಿಟ್ಟವು. ಅಕ್ಕ ಹೋಗಿಯೂ ಬಹಳ ಕಾಲವಾಯಿತು.

ನಮ್ಮ ಯಜಮಾನರು ತೊಂಬತ್ತರ ಹತ್ತಿರ ಬಂದರೂ ಗಟ್ಟಿಮುಟ್ಟಾಗಿದ್ದಾರೆ. ಬೆಳಿಗ್ಗೆ ಅವರು ಕಾಫಿ ಕುಡಿಯುತ್ತ ಪೇಪರು ಓದುವುದನ್ನು ನೋಡುವಾಗ, ಸದ್ಯ, ಅವತ್ತು ಗಟ್ಟಿಮೇಳ ಬಾರಿಸಿದ್ದೇ ಒಳ್ಳೆಯದಾಯಿತು ಎಂದು ನನ್ನ ಮನಸ್ಸು ಈಗಲೂ ಅಂದುಕೊಳ್ಳುತ್ತದೆ. ಅಕ್ಕನ ಮುಂದೆ ನಾನು ತಲೆ ತಗ್ಗಿಸಬೇಕಾದದ್ದು ಅದಕ್ಕೇ.