ಅತ್ತೆಯ ಎಡಗೈ ಏಳದ ಶುಕ್ರವಾರ

ಅಂಬಾಬಾಯಿಯ ಭಕ್ತರಾದ ನಿಮ್ಮೆಲ್ಲರಿಗೂ ನಮಸ್ಕಾರ. ಹೋದ ವರ್ಷ ಶ್ರಾವಣದ ಒಂದು ಶುಕ್ರವಾರ ನಮ್ಮ ಅತ್ತೆ ಕಣ್ಣೆದುರೇ ಕೈತಪ್ಪಿ ಹೋಗುವವರಿದ್ದರು. ಪಡಸಾಲೆ ತುಂಬ ಜನ ಕೈಮುಗಿದು ನಿಂತಿದ್ದೆವು, ಒಬ್ಬರಿಗೂ ಅದು ರೋಗ ಅನ್ನಿಸಲಿಲ್ಲ. ಯಾಕೆ ಅನ್ನಿಸಲಿಲ್ಲ ಎಂಬುದನ್ನೇ ಮೊದಲು ಹೇಳಬೇಕು.

ನಮ್ಮ ಮನೆ ಖಾನಾಪುರದಲ್ಲಿ. ಪಡಸಾಲೆಯಲ್ಲೇ ದೇವಿಯ ಗದ್ದುಗೆ ಇದೆ. ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಆರತಿ. ಆ ಹೊತ್ತಿಗೆ ಅತ್ತೆ ಪಾರ್ವತಿಬಾಯಿಯವರ ಮೈಮೇಲೆ ತಾಯಿ ಬರುತ್ತಾಳೆ. ಎರಡೂ ಕೈ ತಲೆಯ ಮೇಲೆತ್ತಿ ತೂಗುತ್ತಾರೆ, ದನಿ ಬೇರೆಯಾಗುತ್ತದೆ, ಓಣಿಯವರು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ತಾಯಿ ತಾನಾಗಿ ಇಳಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ನಾನು ಇದನ್ನೆಲ್ಲ ನಂಬುವವಳೇ. ಒಮ್ಮೆ ತಾಯಿ ಎಲ್ಲರ ಮುಂದೆ ನನ್ನ ಸಾರಿನಲ್ಲಿ ಉಪ್ಪು ಜಾಸ್ತಿ ಎಂದಾಗ ಮಾತ್ರ ಸ್ವಲ್ಪ ಅನುಮಾನ ಬಂದಿತ್ತು. ಅವಳೇ ಕ್ಷಮಿಸಲಿ.

ಆ ದಿನ ಅತ್ತೆ ತಾವೇ ಕರ್ಪೂರ ಹಚ್ಚಿದರು. ಜಾಗಟೆ ಶುರುವಾಗಿ ಸ್ವಲ್ಪ ಹೊತ್ತಿಗೇ ತೂಗಾಡಿದರು. ಆರತಿ ತಟ್ಟೆ ಕೈಯಿಂದ ಜಾರಿತು, ಅವರು ಗೋಡೆಗೆ ಒರಗಿ ಕುಸಿದರು.

“ಆಯಿ ಆಲೀ!” ತಾಯಿ ಬಂದಳೆಂದು ಹೆಂಗಸರು ಮರಾಠಿಯಲ್ಲಿ ಕೂಗಿದರು. ಒಬ್ಬಾಕೆ ಮುಂದೆ ಬಂದು ಮಗಳ ಲಗ್ನ ಯಾವಾಗ ಕೂಡಿಬರುತ್ತದೆಂದು ಕೇಳಿದಳು. ಅತ್ತೆ ಏನೋ ಅಂದರು. ಬಾಯಿ ತುಂಬ ಅನ್ನ ಇಟ್ಟುಕೊಂಡವರ ಮಾತಿನಂತೆ ಕೇಳಿತು, ಏನೂ ತಿಳಿಯಲಿಲ್ಲ.

ಆರತಿ ಹಾಡು ಹೇಳಿಸುವ ಹಿರಿಯಳು ಪಕ್ಕದ ಮನೆಯ ಶಾಂತಕ್ಕ. ಅವಳ ಮಾತೆಂದರೆ ಓಣಿಯಲ್ಲಿ ಎದುರಿಲ್ಲ. “ತಾಯಿ ಸಿಟ್ಟಿಗೆದ್ದಾಳ. ಏನೋ ತಪ್ಪಾಗೇತಿ. ಯಾರೂ ಮುಟ್ಟಬ್ಯಾಡ್ರಿ,” ಎಂದಳು.

ನಾನು ಕಣ್ಣು ಮುಚ್ಚಿ, “ತಾಯಿ, ತಪ್ಪೇನಿದ್ರೂ ನನ್ನ ಮ್ಯಾಲ ಹಾಕು, ಅತ್ತಿನ್ನ ಉಳಸು,” ಎಂದು ಬೇಡಿಕೊಂಡೆ. ಕಣ್ಣು ತೆರೆದಾಗ ನೇರ ಕಂಡದ್ದು ಅತ್ತೆಯ ಕೈಗಳು. ಬಲಗೈ ಮೇಲೇಳುತ್ತಿತ್ತು. ಎಡಗೈ ಹಿಂಡಿಟ್ಟ ಬಟ್ಟೆಯಂತೆ ಮಡಿಲಲ್ಲಿ ಬಿದ್ದಿತ್ತು. ಬಾಯಿಯೂ ಒಂದು ಕಡೆ ಜೋತಿತ್ತು.

ಅಷ್ಟರಲ್ಲಿ ಶಾಂತಕ್ಕ ತೀರ್ಥದ ಬಟ್ಟಲು ತಂದು ಅತ್ತೆಯ ಬಾಯಿಯ ಹತ್ತಿರ ಹಿಡಿದಳು. ನಾನು ಹಾರಿ ಅವಳ ಮಣಿಕಟ್ಟು ಹಿಡಿದೆ.

“ಹಾಕಬ್ಯಾಡ್ರಿ! ನುಂಗಾಕ ಆಗೂದಿಲ್ಲ, ಉಸರಿನ ಕೊಳವಿಗೆ ಹೋಗತೈತಿ. ಇದು ಲಕ್ವಾ ಐತ್ರಿ!”

“ಏ ಹುಚ್ಚಿ, ಯಾರ ಮುಂದ ಮಾತಾಡಾಕತ್ತಿ? ತಾಯಿ ಬಂದಾಳ ಅಲ್ಲಿ!”

“ತಾಯಿ ಬಂದ್ರ ಪೂರಾ ಮೈಗೆ ಬರ್ತಾಳ ಶಾಂತಕ್ಕ. ಅರ್ಧ ಮೈಗೆ ಬರೂದಿಲ್ಲ. ಆ ಕೈ ನೋಡ್ರಿ!”

ಇಂಥ ಮಾತು ನನ್ನ ಬಾಯಿಗೆ ಹೇಗೆ ಬಂತೋ ಇಂದಿಗೂ ತಿಳಿಯದು. ಹಿಂದೊಮ್ಮೆ ಮಹಿಳಾ ಸಂಘದ ಸಭೆಯಲ್ಲಿ ನರ್ಸ್ ಒಬ್ಬರು ಲಕ್ವಾದ, ಅಂದರೆ ಪಾರ್ಶ್ವವಾಯುವಿನ ಗುರುತು ಹೇಳಿದ್ದರು. ನಗಲು ಹೇಳಬೇಕು, ಎರಡೂ ಕೈ ಎತ್ತಿಸಬೇಕು, ಒಂದು ಮಾತು ಆಡಿಸಬೇಕು, ಒಂದು ತಪ್ಪಿದರೂ ತಡಮಾಡಬಾರದು, ಬಾಯಿಗೆ ಏನೂ ಹಾಕಬಾರದು. ನಾನಾದರೋ ಹಿಂದಿನ ಸಾಲಿನಲ್ಲಿ ಕುಳಿತು ಅವಲಕ್ಕಿ ಯಾವಾಗ ಹಂಚುತ್ತಾರೆಂದು ಕಾಯುತ್ತಿದ್ದೆ. ಅರ್ಧ ಕಿವಿಯಲ್ಲಿ ಕೇಳಿದ್ದನ್ನು ಆ ಗಳಿಗೆಯಲ್ಲಿ ಪೂರ್ತಿ ನೆನಪಿಸಿದವಳು ಯಾರು? ನನ್ನ ಬುದ್ಧಿ ಅಷ್ಟು ಚುರುಕಿನದಲ್ಲ, ಬೇಕಾದರೆ ನನ್ನ ಗಂಡನನ್ನು ಕೇಳಿ.

ನಿಯಮ ಮುರಿದು ಅತ್ತೆಯ ಗಲ್ಲ ಮುಟ್ಟಿದೆ. “ಅತ್ತಿ, ಒಮ್ಮಿ ನಗ್ರಿ.” ತುಟಿ ಒಂದೇ ಕಡೆ ಎದ್ದಿತು. “ಎರಡೂ ಕೈ ಎತ್ರಿ.” ಒಂದೇ ಎದ್ದಿತು. ಜಾಗಟೆ ನಿಂತಿತು. ಶಾಂತಕ್ಕ ಬಟ್ಟಲು ಕೆಳಗಿಟ್ಟು, ಹಾಡು ಹೇಳಿಸುವ ಅದೇ ದೊಡ್ಡ ದನಿಯಲ್ಲಿ, “ನೋಡ್ಕೋತ ಏನ್ ನಿಂತೀರಿ? ನೂರಾಎಂಟಕ್ಕ ಫೋನ್ ಹಚ್ಚ್ರಿ!” ಎಂದು ಗುಡುಗಿದಳು.

ಅತ್ತೆಯನ್ನು ಒಂದು ಮಗ್ಗುಲಾಗಿ ಮಲಗಿಸಿದೆವು, ಜನರನ್ನು ಸರಿಸಿ ಗಾಳಿ ಬಿಟ್ಟೆವು. ಯಾರೋ ಬಿಪಿ ಗುಳಿಗೆ ಕೊಡಲು ಹೋದರು, ಅದನ್ನೂ ತಡೆದೆ. ಆಂಬುಲೆನ್ಸಿನವರು ಬಂದು ನೋಡಿ, ಮೊದಲು ತಲೆಯ ಸ್ಕ್ಯಾನ್ ಆಗಬೇಕು, ಸೀದಾ ಬೆಳಗಾವಿಗೇ ನಡೆಯಿರಿ ಎಂದರು. ಅಲ್ಲೇ ಬೆಳಗಾವಿಯ ಆಟೋ ನಗರದಲ್ಲಿ ಲಾರಿ ರಿಪೇರಿ ಮಾಡುವ ನನ್ನ ಗಂಡನಿಗೆ ದಾರಿಯಿಂದಲೇ ಫೋನ್ ಮಾಡಿದೆ. ಹೊರಗೆ ಜಿಟಿಜಿಟಿ ಮಳೆ. ಶಾಂತಕ್ಕನೂ ಜೊತೆಗೆ ಹತ್ತಿದ್ದಳು. ಅವಳು ಜಪ ಮಾಡುತ್ತಿದ್ದಳು. ನನಗೆ ಮಂತ್ರವೇ ನೆನಪಾಗಲಿಲ್ಲ, “ತಾಯಿ, ತಾಯಿ” ಎನ್ನುತ್ತ ಅತ್ತುಬಿಟ್ಟೆ.

ಆಸ್ಪತ್ರೆಯ ಬಾಗಿಲಲ್ಲಿ ಗಂಡ ಗ್ರೀಸಿನ ಕೈಯಲ್ಲೇ ನಿಂತಿದ್ದರು. ಡಾಕ್ಟರು ಮೊದಲು ಕೇಳಿದ್ದು, “ಯಾವಾಗ ಶುರು ಆತು? ಕಡೀಕ ಯಾವಾಗ ಆರಾಮ ಇದ್ರು?”

ಶಾಂತಕ್ಕ ತಡವರಿಸಲಿಲ್ಲ. “ಆರರ ಆರತಿರೀ ನಮ್ದು, ಎಂದೂ ತಪ್ಪಿಲ್ಲ. ಕರ್ಪೂರ ಹಚ್ಚೂ ತನಕ ಆರಾಮ ಇದ್ರು.”

“ಚಲೋ ಆತು. ವ್ಯಾಳೆ ಗೊತ್ತಿಲ್ಲಂದ್ರ ನಮ್ಮ ಕೈ ಕಟ್ಟಿಹಾಕಿದಂಗ ಆಗತೈತಿ,” ಎಂದು ಡಾಕ್ಟರು ಸ್ಕ್ಯಾನಿಗೆ ಒಯ್ದರು. ಮೆದುಳಿನ ನರದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಕರಗಿಸುವ ಇಂಜೆಕ್ಷನ್ ಕೊಡಲು ಇನ್ನೂ ಸಮಯವಿತ್ತು, ಕೊಟ್ಟರು. ಮರುದಿನ ಅತ್ತೆ ಎಡಗೈ ಬೆರಳು ಆಡಿಸಿದಾಗ ನನ್ನ ಗಂಡ ವಾರ್ಡಿನಲ್ಲೇ ಮಗುವಿನಂತೆ ಅತ್ತರು.

ಅತ್ತೆ ಗುಣವಾಗಲು ತಿಂಗಳುಗಳೇ ಹಿಡಿದವು. ಉಪವಾಸವೆಂದು ಶುಕ್ರವಾರ ಬಿಪಿ ಗುಳಿಗೆ ಬಿಡುತ್ತಿದ್ದದ್ದಕ್ಕೆ ಡಾಕ್ಟರಿಂದ ಚೆನ್ನಾಗಿ ಬೈಸಿಕೊಂಡರು. ಈಗ ಮಾತು ನಿಧಾನ, ಆದರೆ ಸ್ಪಷ್ಟ. ನನ್ನ ಸಾರಿನ ಬಗ್ಗೆ ನೇರವಾಗಿಯೇ ಹೇಳುತ್ತಾರೆ. ನನ್ನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ. ನಾನು ಕಣ್ಣು ಮುಚ್ಚಿ ಬೇಡಿದೆ, ತಾಯಿ ಕಣ್ಣು ತೆರೆಸಿದಳು. ಅವಳ ಪಾದಕ್ಕೆ ಶರಣು.

ಈಚೆಗೆ ಆರತಿಗೆ ಮುಂಚೆ ಅತ್ತೆಯೇ ಎದ್ದುನಿಂತು ಲಕ್ವಾದ ಗುರುತುಗಳನ್ನು ಎಲ್ಲರಿಗೂ ಹೇಳಿಕೊಡುತ್ತಾರೆ. ಯಾರು ಕುಸಿದರೂ ಮೊದಲು ಮುಟ್ಟಿ ನೋಡಿ ಎನ್ನುತ್ತಾರೆ. ಮೊನ್ನೆ ಒಬ್ಬಾಕೆ ಅಂಜುತ್ತ ಕೇಳಿದಳು: “ಖರೇನ ತಾಯಿನ ಬಂದಿದ್ರ, ಮುಟ್ಟಿದ್ದು ತಪ್ಪಾಗೂದಿಲ್ಲೇನ್ರಿ?”

ಅತ್ತೆ ಒಂದೊಂದೇ ಮಾತು ಜೋಡಿಸಿ ಹೇಳಿದರು: “ಆಕಿ ತಾಯಿ ಅದಾಳವ್ವಾ, ಸ್ವಲ್ಪ ತಡೀತಾಳ. ಈ ಬ್ಯಾನಿ ತಡಿಯೂದಿಲ್ಲ.”